ಅಣ್ಣ ನಕ್ಕ ಮಧ್ಯಾಹ್ನ

ನ್ಯಾಮತಿಯಲ್ಲಿ ಅಪ್ಪನದು ಸಣ್ಣ ಟೈಲರ್ ಅಂಗಡಿ. ಅಳತೆಗೆ ಕತ್ತರಿಸಿಕೊಳ್ಳಲು ರದ್ದಿ ಪೇಪರ್ ತರುತ್ತಿದ್ದರು. ಅವ್ವ ತೀರಿಕೊಂಡ ವರ್ಷ ಆ ರದ್ದಿಯೊಳಗೆ ರಟ್ಟು ಹರಿದ ಮಕ್ಕಳ ಪುಸ್ತಕವೊಂದು ಬಂತು. ಒಂದು ಮನೆ, ಸದಾ ಕಿತ್ತಾಡುವ ನಾಲ್ಕು ಮಕ್ಕಳು, ಅವರ ಹಿಂದೆ ಕೂಗಾಡುತ್ತ ಓಡುವ ತಾಯಿ. ಪುಟ ತಿರುವಿದರೆ ನಗು. ಅಪ್ಪ ಕತ್ತರಿ ಹಾಕುವ ಮೊದಲೇ ಅಣ್ಣ ಅದನ್ನು ಎಳೆದುಕೊಂಡ. ಅಂಗಡಿ ಕಟ್ಟೆ ಮೇಲೆ ಕೂತು ನನಗೆ ಓದಿ ಹೇಳುತ್ತಿದ್ದ. ನಮ್ಮ ಮನೆಯಲ್ಲೂ ಜಗಳವಿತ್ತು, ಬಿಡಿಸಲು ಯಾರೂ ಇರಲಿಲ್ಲ. ಆ ತಾಯಿ ಮಕ್ಕಳನ್ನು ಬೈಯುವ ಪುಟ ಬಂದಾಗ ಅಣ್ಣ ನಿಧಾನವಾಗಿ ಓದುತ್ತಿದ್ದ.

ದೊಡ್ಡವನಾದ ಮೇಲೆ ಗೂಡ್ಸ್ ಟೆಂಪೊ ಓಡಿಸಿದ. ಹೊನ್ನಾಳಿ, ಚನ್ನಗಿರಿ, ಸವಳಂಗ ಎಂದು ಬಿಡುವಿಲ್ಲದ ತಿರುಗಾಟ. ತೂಕಡಿಕೆ ಬಾರದಿರಲೆಂದು ಬಾಯಲ್ಲಿ ಗುಟ್ಕಾ. ನಾಲಿಗೆಯಂಚಿಗೆ ಹುಣ್ಣೆದ್ದಾಗ ಉಷ್ಣ ಎಂದುಕೊಂಡು ಎಳನೀರು ಕುಡಿದ. ದಾವಣಗೆರೆಯಲ್ಲಿ ತೋರಿಸುವಷ್ಟರಲ್ಲಿ ತಡವಾಗಿತ್ತು. ಅರ್ಧ ನಾಲಿಗೆ ತೆಗೆದರು.

ಆಪರೇಷನ್ ಆದ ಮೇಲೆ ಅಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಅತ್ತಿಗೆ ಕರೆದರೂ ತಿರುಗುತ್ತಿರಲಿಲ್ಲ. ನನಗೆ ಬೇರೇನೂ ತೋಚಲಿಲ್ಲ. ಅಪ್ಪನ ಹಳೇ ಪೆಟ್ಟಿಗೆಯಿಂದ ಆ ಪುಸ್ತಕ ಹುಡುಕಿ ಆಸ್ಪತ್ರೆಗೆ ತೆಗೆದುಕೊಂಡು ಹೋದೆ. ಮಧ್ಯಾಹ್ನದ ಹೊತ್ತು, ಅವನ ಬೆನ್ನಿಗೇ ಓದಲು ಶುರು ಮಾಡಿದೆ.

ಡಬ್ಬಿಯಲ್ಲಿದ್ದ ಎಳ್ಳುಂಡೆ ಖಾಲಿಯಾಗಿದೆ. ಕದ್ದವರು ಯಾರೆಂದು ತಿಳಿಯಲು ತಾಯಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಾಳೆ. "ಎಲ್ಲರೂ ನಾಲಿಗೆ ಚಾಚಿ!"

ಅಷ್ಟಕ್ಕೇ ಓದು ನಿಲ್ಲಿಸಿದೆ. ಪುಟ ಮಗುಚಿದೆ. ಅಣ್ಣ ಈ ಕಡೆ ಹೊರಳಿದ. ಬೆರಳಿನಿಂದ ಪುಸ್ತಕ ತಟ್ಟಿದ. ಬಿಡಬೇಡ, ಅದನ್ನೇ ಓದು ಎಂಬಂತೆ.

ಓದಿದೆ. ಮಕ್ಕಳ ನಾಲಿಗೆಗಳೆಲ್ಲ ಸ್ವಚ್ಛ. ಸಾಲಿನ ಕೊನೆಗೆ ನೋಡಿದರೆ ಅಜ್ಜ, ಕಣ್ಣು ಮುಚ್ಚಿಕೊಂಡು ನಾಲಿಗೆ ಚಾಚಿ ನಿಂತಿದ್ದಾನೆ. ಅದರ ತುಂಬ ಎಳ್ಳು.

ಅಣ್ಣನ ಹೆಗಲು ಅಲ್ಲಾಡಿತು. ಮೂಗಿನಿಂದ ಒಂಥರಾ ಸದ್ದು ಬಂತು, ನಗುತ್ತಿದ್ದ. ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ಔಷಧಿ ತಂದ ಅತ್ತಿಗೆ ಗಾಬರಿಯಾಗಿ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡರು.

"ಹೊಲಿಗೆ ಬಿಚ್ಚಿದ್ರೆ ಹೆಂಗ್ರೀ? ಇದೇನ್ ನಗ್ಸಾಕೆ ಹೊತ್ತಾ?"

ಅಣ್ಣ ಕೈ ಚಾಚಿದ. ಅತ್ತಿಗೆ ಅವನ ಮುಖ ನೋಡುತ್ತ ನಿಂತರು. ಆಮೇಲೆ ಪುಸ್ತಕ ನನಗೇ ಕೊಟ್ಟು, ಮಂಚದ ಅಂಚಿಗೆ ಕೂತರು.

"ಓದ್ರಿ. ನಾನೂ ಕೇಳ್ತೀನಿ."

ಪುಸ್ತಕ ಮುಗಿಯಲಿಲ್ಲ. ರೋಗ ಕುತ್ತಿಗೆಗೆ ಇಳಿದಿತ್ತು. ಆಮೇಲಾಮೇಲೆ ನಾನು ಓದುತ್ತಿದ್ದರೆ ಅವನು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದ. ಕೇಳಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಯುಗಾದಿಗೆ ಮುಂಚೆ ಹೋಗಿಬಿಟ್ಟ.

ಅತ್ತಿಗೆ ಟೆಂಪೊ ಮಾರಿ ತವರಿಗೆ, ಜಗಳೂರಿಗೆ ಹೋದರು. ಈಗ ಅಲ್ಲಿ ಹೋಟೆಲೊಂದರಲ್ಲಿ ರೊಟ್ಟಿ ಬಡಿಯುತ್ತಾರೆ. ಮೊನ್ನೆ ಫೋನ್ ಮಾಡಿದ್ದರು. ಮಳೆ ಬೆಳೆ ಮಾತಾದ ಮೇಲೆ ಕೇಳಿದರು.

"ನಿಮ್ಮಣ್ಣನ ದನಿ ಹೆಂಗಿತ್ತು ಅಂತ ನೆನಪಿಗೇ ಬರ್ತಿಲ್ಲ. ಮೊಬೈಲ್‌ನಾಗೆ ಬರೇ ಫೋಟೋನೇ ಅದಾವು. ನಿಮ್ಗೆ ನೆನಪೈತಾ?"

ಐತೆ ಅತ್ತಿಗೆ, ಎಂದೆ. ನನಗೆ ನೆನಪಿರುವುದು ಕಟ್ಟೆ ಮೇಲೆ ಕೂತ ಹುಡುಗನ ದನಿ. ಅವರು ಸಂಸಾರ ಮಾಡಿದ ಗಂಡಸಿನ ದನಿ ನನಗೂ ಮರೆತುಹೋಗಿದೆ. ಅದನ್ನು ಹೇಳಲಿಲ್ಲ.