ಚಿಗರಿ ತೋರಿಸಿ ಮಾರಿದ ಮಡ್ಡಿ

ಆ ಹೊಂಡ ಬತ್ತಲಿಲ್ಲ, ಮುಚ್ಚಿದರು. ಬಿಸಿಲಿಗೆ ಬತ್ತಿತು, ದಂಡೆ ಕುಸಿಯಿತು ಎಂದು ಈಗ ಹೇಳುವುದೆಲ್ಲ ಗೌಡರ ಮನೆಯಿಂದ ಹೊರಟ ಮಾತು. ನಾನು ಅಲ್ಲಿಯೇ ನಿಂತಿದ್ದೆ.

ನಾನು ಹೊಲ ಮಾರಿಸುವ ದಲ್ಲಾಳಿ. ಓದಿದ್ದು ನಾಲ್ಕನೇ ಇಯತ್ತೆ. ಮೊದಲು ಗಂಡ ಈ ಕೆಲಸ ಮಾಡುತ್ತಿದ್ದ. ಅವನು ತೀರಿದ ಮೇಲೂ ಗಿರಾಕಿಗಳು ಮನೆಗೆ ಬರುವುದು ನಿಲ್ಲಲಿಲ್ಲ, ನಾನೇ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಗದಗ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಇಪ್ಪತ್ತು ವರ್ಷಗಳಿಂದ ಓಡಾಡಿದ್ದೇನೆ. ಹೆಂಗಸಾದ್ದರಿಂದ ನನ್ನನ್ನು ಅಡುಗೆಮನೆಯವರೆಗೂ ಬಿಡುತ್ತಾರೆ. ಹೊಲದ ನಿಜವಾದ ತಕರಾರು ತಿಳಿಯುವುದು ಅಲ್ಲಿ, ಪಡಸಾಲೆಯಲ್ಲಲ್ಲ. ಈಗ ನನಗೆ ಮೊಮ್ಮಕ್ಕಳಿದ್ದಾರೆ, ಕೆಲಸ ಬಿಡು ಅನ್ನುತ್ತಾರೆ. ಬಿಟ್ಟಿಲ್ಲ.

ಹೋದ ಬೇಸಿಗೆಗೆ ಹಿಂದಿನ ಬೇಸಿಗೆಯ ಮಾತು. ಮುಂಡರಗಿ ಕಡೆಯ ಶಿವನಗೌಡರು ತಮ್ಮ ಬೇಟೆ ಮಡ್ಡಿ ಮಾರಿಸಿಕೊಡು ಎಂದರು. ಮಡ್ಡಿ ಎಂದರೆ ಬಿತ್ತನೆಗೆ ಬಾರದ ಕಲ್ಲುನೆಲ. ನಲವತ್ತೆರಡು ಎಕರೆ, ಪಹಣಿ ಉತಾರದಲ್ಲಿ ಅವರೊಬ್ಬರದೇ ಹೆಸರು. ಅವರ ಅಜ್ಜ ಅಲ್ಲಿ ಬೇಟೆಯಾಡುತ್ತಿದ್ದರು. ಪ್ರಾಣಿಗಳು ನೀರಿಗೆ ಬರಲೆಂದೇ ನಡುಮಡ್ಡಿಯಲ್ಲಿ ಹೊಂಡ ತೋಡಿಸಿ ಸುತ್ತ ಕಲ್ಲು ಕಟ್ಟಿಸಿದ್ದರು. ಈಗ ಬೇಟೆ ಅಪರಾಧ. ಬಂದೂಕು ಹೋಯಿತು, ಬೇಟೆ ಮಡ್ಡಿ ಎಂಬ ಹೆಸರು ಉಳಿಯಿತು. ಹೊಂಡವೂ ಉಳಿಯಿತು. ತಳದಲ್ಲಿ ಸೆಲೆ ಇದ್ದುದರಿಂದ ಕಡುಬೇಸಿಗೆಯಲ್ಲೂ ನೀರಿರುತ್ತಿತ್ತು.

ಆ ನೀರಿನ ಮೇಲೆ ಬದುಕಿದ್ದವನು ಬೀರಪ್ಪ, ಕುರಿ ಕಾಯುವವನು. ಅವನ ಅಪ್ಪ ಬೇಟೆಯ ದಿನ ಪೊದೆ ಬಡಿದು ಪ್ರಾಣಿ ಎಬ್ಬಿಸುತ್ತಿದ್ದ. ಅದಕ್ಕೆ ಕೂಲಿ ಇಲ್ಲ. ನಿಮ್ಮ ಕುರಿ ಇಲ್ಲಿ ಮೇಯಲಿ, ಇಲ್ಲಿ ಕುಡಿಯಲಿ ಎಂದು ಹಿರಿಯ ಗೌಡರು ಬಾಯಿಮಾತು ಕೊಟ್ಟಿದ್ದರು, ಅಷ್ಟೇ. ಸುತ್ತಲಿನ ಹಳ್ಳಗಳೆಲ್ಲ ಒಣಗುವ ತಿಂಗಳುಗಳಲ್ಲಿ ಹೊಂಡವಿದ್ದರೆ ಅವನ ಹಿಂಡು ಉಂಟು, ಇಲ್ಲವಾದರೆ ಇಲ್ಲ.

ಮಾರಾಟದ ಸುದ್ದಿ ಕೇಳಿ ಬೀರಪ್ಪ ನನ್ನ ಮನೆಗೆ ಬಂದ. "ಮಾರಿದ್ರ ಮಾರ್ಲಿ, ಯಕ್ಕಾ. ನೀರಿನ ಮಾತೊಂದು ತಗೊಳ್ಳಾವ್ರ ಕಿವಿಗಿ ಹಾಕು," ಎಂದ. ಹಾಕಿದೆ. ಕೊಳ್ಳುವವನು ಹುಬ್ಬಳ್ಳಿಯವನು. ಇಂಥ ನೆಲ ಹಿಡಿದು, ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನು ಹಾಕುವ ಕಂಪನಿಗೆ ಕೊಡುತ್ತಿದ್ದ. ನೀರಿದ್ದರೆ ಕುಡಿಯಲಿ ಬಿಡಿ, ನನಗೇನು ಎಂದು ಫೋನಿನಲ್ಲಿ ಹೇಳಿದ. ಬೀರಪ್ಪ ಅಷ್ಟಕ್ಕೇ ಖುಷಿಯಾದ.

ಹುಬ್ಬಳ್ಳಿಯವನು ನೆಲ ನೋಡಲು ಬರುವ ದಿನ ಗೊತ್ತಾಯಿತು. ಬೇಟೆ ಮಡ್ಡಿಯ ಬೆಲೆ ಬೇಟೆಯಲ್ಲಿದೆ ಎಂದು ಗೌಡರು ಅಜ್ಜನ ಬಾಯಲ್ಲಿ ಕೇಳಿ ಬೆಳೆದವರು. ಬೀರಪ್ಪನನ್ನು ಕರೆಸಿ, ಒಂದು ವಾರ ಕುರಿಯನ್ನೂ ನಾಯಿಯನ್ನೂ ಹೊಂಡದ ಕಡೆ ಬಿಡಬೇಡ, ಚಿಗರಿ ಅಂಜದೆ ಬರಲಿ ಎಂದರು. ಚಿಗರಿ ಎಂದರೆ ಕೃಷ್ಣಮೃಗ. ಗೌಡರ ಮಾತು, ಬೀರಪ್ಪ ನಡೆಸಿಕೊಟ್ಟ. ದೂರದ ಕೆರೆಗೆ ಹಿಂಡು ಹೊಡೆದುಕೊಂಡು ಹೋಗಿ ಬಂದ. ಬಿಸಿಲಲ್ಲಿ ಎರಡು ಮರಿ ದಾರಿಯಲ್ಲೇ ಬಿದ್ದವು.

ಆ ಬೆಳಿಗ್ಗೆ ಗೌಡರು, ಹುಬ್ಬಳ್ಳಿಯವನು, ನಾನು ಜಾಲಿ ಗಿಡದ ಮರೆಯಲ್ಲಿ ನಿಂತೆವು. ಚಿಗರಿ ಬಂದವು. ಒಂದು ಕರಿ ಗಂಡು, ಹಿಂದೆ ಹೆಣ್ಣುಗಳು, ಮರಿಗಳು. ಹುಬ್ಬಳ್ಳಿಯವನ ಮುಖ ಸಣ್ಣಗಾಯಿತು.

"ಇವು ದಿನಾ ಬರ್ತಾವೇನ್ರಿ ಗೌಡ್ರ?"

"ದಿನಾ ಬರ್ತಾವ್ರಿ. ನವಿಲು ಬ್ಯಾರೆ. ಮೊಲ ಅಂತೂ ಕಾಲಾಗ ತೊಡಕ್ತಾವ."

ಗೌಡರು ಹೊಗಳಿದಷ್ಟೂ ಅವನು ಕಾರಿನ ಕಡೆ ಹೆಜ್ಜೆ ಹಾಕಿದ. ಕಡೆಗೆ ನನ್ನ ಕಡೆ ತಿರುಗಿ, "ಅಜ್ಜಿ, ಯಾರರ ಒಂದು ಫೋಟೋ ತಗದ್ರ ಅರಣ್ಯದವರು ತಕರಾರು ತಗೀತಾರ. ಆಮ್ಯಾಲ ನನ್ನ ಫ್ಯಾನ್ ಯಾವಾಗ ತಿರಗೂದು?" ಎಂದ. ಇದು ನನಗೂ ಗೊತ್ತಿರಲಿಲ್ಲ. ಗೌಡರು ಹೊಂಡದ ಕಡೆ ಕೈ ಮಾಡಿದರು.

"ಹೊಂಡ ಐತಿ ಅಂತ ಬರ್ತಾವ. ಹೊಂಡಾನ ಇಲ್ಲಂದ್ರ?"

ಹುಬ್ಬಳ್ಳಿಯವನು ಗುಡ್ಡದ ಕಡೆ ನೋಡಿದ. "ಅದು ನಿಮ್ಮ ಹೊಲ. ನೀವೇನೂ ಹೇಳಿಲ್ಲ, ನಾ ಏನೂ ಕೇಳಿಲ್ಲ."

"ಗೌಡ್ರ, ಬೀರಪ್ಪನ ಕುರಿ?" ಎಂದೆ.

"ಕುರಿಗಿ ಕಾಲು ಅದಾವ," ಎಂದರು ಗೌಡರು.

ಜೆಸಿಬಿ ಬಂತು. ಮೊದಲು ಅಜ್ಜ ಕಟ್ಟಿಸಿದ ಕಲ್ಲು ಕಿತ್ತು ಒಳಗೆ ಹಾಕಿದರು, ಮೇಲೆ ಮಣ್ಣು. ಸೆಲೆಯ ನೀರು ಮಣ್ಣಿನೊಳಗಿಂದ ಮತ್ತೆ ಮತ್ತೆ ಒಸರಿತು, ಡ್ರೈವರು ಅದರ ಮೇಲೆ ಗಾಲಿ ಹಾಯಿಸಿ ಹಾಯಿಸಿ ಗಟ್ಟಿ ಮಾಡಿದ. ಮಧ್ಯಾಹ್ನದ ಊಟದೊಳಗೆ ಮುಗಿಯಿತು. ಬೀರಪ್ಪ ಕೋಲೂರಿಕೊಂಡು ನೋಡುತ್ತಿದ್ದ. ಅತ್ತಿದ್ದರೆ ಚೆನ್ನಾಗಿತ್ತು, ಅಳಲಿಲ್ಲ.

"ಚಿಗರಿ ಬರ್ಲಿ ಅಂತ ನನ್ನ ಕುರಿ ನಾನ ತಡದಿದ್ದೆ, ಯಕ್ಕಾ."

ನನಗೆ ಗೊತ್ತಿದ್ದುದು ವ್ಯಾಪಾರ, ಅದನ್ನೇ ಹೇಳಿದೆ: "ಹಿಂಡು ಮಾರಾಕ ಸಂತಿಗಿ ಒಬ್ಬನ ಹೋಗಬ್ಯಾಡ. ನಿನ್ನ ಅವಸರ ನೋಡಿ ದರ ಮುರೀತಾರ. ನಾ ಬರ್ತೀನಿ." ಹೋದೆವು, ಮಾರಿದೆವು. ಈಗ ಅವನು ಅದೇ ಮಡ್ಡಿಯಲ್ಲಿ ಫ್ಯಾನಿಗೆ ವಾಚ್‌ಮನ್. ಕುಡಿಯುವ ನೀರನ್ನು ಮನೆಯಿಂದ ಬಾಟಲಿಯಲ್ಲಿ ಒಯ್ಯುತ್ತಾನೆ.

ಖರೀದಿ ಪತ್ರ ಮುಂಡರಗಿಯಲ್ಲಿ ಆಯಿತು. ಸಹಿಗೆ ಮುಂಚೆ ಪತ್ರ ಬರೆಯುವವನು ಗಟ್ಟಿಯಾಗಿ ಓದಿದ. ಎಲ್ಲ ಪತ್ರದಲ್ಲೂ ಇರುವ ಹಳೆಯ ಸಾಲು: ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತವಾಗಿ ಮಾರಿಕೊಟ್ಟಿದ್ದೇನೆ. ಇಪ್ಪತ್ತು ವರ್ಷ ಆ ಸಾಲನ್ನು ಮಂತ್ರದಂತೆ ಕೇಳಿದವಳು ನಾನು. ಅಂದು ಜಲ ಎಂದಾಗ ಗೌಡರ ಮುಖ ನೋಡಿದೆ. ಅವರು ಪೆನ್ನು ಹುಡುಕುತ್ತಿದ್ದರು. ನಾನು ಸಾಕ್ಷಿ ಸಹಿ ಹಾಕುವುದಿಲ್ಲ ಎಂದೆ. ಅದರಿಂದೇನೂ ನಿಲ್ಲಲಿಲ್ಲ. ಹೊರಗೆ ಚಹಾ ಕುಡಿಯುತ್ತಿದ್ದವನೊಬ್ಬನನ್ನು ಕರೆದು ಹಾಕಿಸಿದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಸುಂಡಿಗೆ ಹೋದೆ. ಅಲ್ಲೊಂದು ಹೊಲ ಮಾರಾಟಕ್ಕಿತ್ತು, ಮಾಲೀಕರು ಚಹಾಕ್ಕೆ ಕರೆದಿದ್ದರು. ಅವರ ಮನೆಗೆ ಹೋಗಲಿಲ್ಲ. ನೆಟ್ಟಗೆ ಹೊಲಕ್ಕೆ ನಡೆದು ಬಾವಿಯ ಕಟ್ಟೆಯ ಮೇಲೆ ಕುಳಿತೆ, ಆ ನೀರಿಗೆ ಯಾರ್ಯಾರು ಬರುತ್ತಾರೆ ನೋಡೋಣವೆಂದು.