ಹೀರಾಬಾಯಿಯ ತಿಪ್ಪಿ

ಗಡಹಿಂಗ್ಲಜದ ಹೀರಾಬಾಯಿ ಗಂಡ ಸತ್ತ ಮ್ಯಾಲ ಎರಡ ಎಕರೆ ಹೊಲಾ ತಾನಽ ಮಾಡಿದಾಕಿ. ಮೈದುನ ಪಾರೀಸಗ ಅದಽ ಹೊಟ್ಟಿಉರಿ. ಪಾಲಿಗೆ ಕೊಡು ಅಂತ ಕೇಳಿದ್ದ, ಆಕಿ ಕೊಟ್ಟಿರಲಿಲ್ಲ.

ಊರ ಮಂದಿ ಕಬ್ಬಿನ ಒಣಗಿದ ಗರಿ, ಅಂದ್ರ ರವದಿ, ಸುಡತಿದ್ರು. ಈಕಿ ತೆಗ್ಗು ತೋಡಿಸಿ, ರವದಿ, ಸೆಗಣಿ, ಬೂದಿ ಪದರ ಪದರ ಹಾಕಿ, ಹದಿನೈದು ದಿನಕ್ಕೊಮ್ಮೆ ತಿರುವಿ ಗೊಬ್ಬರ ಮಾಡತಿದ್ಲು. ಮೂವತ್ತೆಂಟನೇ ಇಸವಿಯಾಗ ಈಕಿ ಜೋಳ ಆಳೆತ್ತರ ಮೀರಿ ನಿಂತ್ವು. ಅಂಗೈಯಗಲ ಹೊಲದವರು, ಎಲ್ಲಾರಿಗಿಂತ ಮೊದಲ ಬಾಳಗೊಂಡ, ಬಂದು "ಅಕ್ಕಾರ, ನಮಗೂ ತೋರಸ್ರಿ" ಅಂದ್ರು. ಹನ್ನೊಂದು ತೆಗ್ಗು ಆದ್ವು. ಪಾರೀಸ ಜಯಸಿಂಗಪುರದಿಂದ ತರಿಸಿ ಮಾರೂ ಬಿಳಿ ಗೊಬ್ಬರದ ಚೀಲ ಹಂಗಽ ಉಳದ್ವು.

ಸುಮ್ಮನಿರತಾನೇನು ಆ ಹಲ್ಕಟ್? ಬಸದಿ ಕಟ್ಟಿ ಮ್ಯಾಲ ಕುಂತು ಶುರು ಮಾಡಿದ: "ತಿಪ್ಪಿ ತಿರುವಿದಾಗೊಮ್ಮೆ ಸಾವಿರ ಹುಳಾ ಸಾಯತಾವು. ಹಿಂಸಾದ ಜೋಳ ಅದು. ಆಕಿ ಮನಿ ಅನ್ನ ಮುನಿಗಳು ಮುಟ್ಟತಾರೇನು?" ಜೈನರ ಮಂದಿಗೆ ಅಷ್ಟಽ ಸಾಕು.

"ರವದಿ ಸುಡುವಾಗ ಹುಳಕ್ಕ ರೆಕ್ಕಿ ಬರತಿದ್ವೇನೋ ಮೂಳಾ!" ಅಂತ ಹೀರಾಬಾಯಿ ಬೈದ್ಲು. ಹೇಳೂದು ಶಾಸ್ತ್ರ, ಹಾಕೂದು ಗಾಳ! ಆದ್ರ ಕೇಳವರ್ಯಾರು? ಒಬ್ಬೊಬ್ಬರಽ ತೆಗ್ಗು ಮುಚ್ಚಿದ್ರು. ಬಾಳಗೊಂಡಂದು ಒಂದಽ ಉಳೀತು.

ಆ ಚಳಿಗಾಲ ಊರಿಗೆ ಮುನಿಗಳು ಬಂದ್ರು. ಅವರು ಈಕಿ ಮನ್ಯಾಗ ಒಂದು ತುತ್ತು ತಗೊಂಡ್ರ ಸಾಕು, ಪಾರೀಸನ ಬಾಯಿಗೆ ಬೀಗ. ಮುಚ್ಚಿದ ತೆಗ್ಗೆಲ್ಲಾ ಮತ್ತ ತೆರೀತಾವು. ಹೀರಾಬಾಯಿ ನಸುಕಿನ್ಯಾಗ ಎದ್ದು, ಮಡೀಲೆ ನೀರು ಸೋಸಿ, ತನ್ನ ಹೊಲದ ಜೋಳದ ರೊಟ್ಟಿ ಬಡದು, ಮುನಿಗಳನ್ನ ಊಟಕ್ಕ ಕರಿಯಾಕ ಕಳಸಾ ಹಿಡಕೊಂಡು ಬಾಗಲಾಗ ನಿಂತ್ಲು.

ಮುನಿಗಳು ಬಂದ್ರು. ಆಕಿ ಬಾಗಲ ಮುಂದಽ ನಿಂತ್ರು! ಇನ್ನ ಪದ್ಧತಿ ಪ್ರಕಾರ ಮನಿಯಾಕಿ ನಾಕು ಮಾತು ಅನಬೇಕು: ಮನ ಶುದ್ಧ, ವಚನ ಶುದ್ಧ, ಕಾಯ ಶುದ್ಧ, ಆಹಾರ ಶುದ್ಧ. ಅಂದ್ರಽ ಅವರು ಒಳಗ ಬರೂದು.

ಹೀರಾಬಾಯಿ ಬಾಯಿ ತೆರೆದ್ಲು. ಮುನಿಗಳ ಹಿಂದ ಪಾರೀಸ ಕೈ ಮುಗದು ನಿಂತಿದ್ದ. ಅವನ ಮಾರಿ ಕಂಡದ್ದಽ ತಡ, ಇವನ ವಂಶ ಹಾಳಾಗಲಿ ಅಂತ ಮನಸಿನ್ಯಾಗ ಶಾಪ ಎದ್ದು ಬಂತು. ರೊಟ್ಟಿ ಶುದ್ಧ, ಅದರಾಗ ಎಳ್ಳಷ್ಟೂ ಸಂಶಯ ಇಲ್ಲ. ಆದ್ರ ಮೊದಲನೇ ಮಾತಽ ಮನ ಶುದ್ಧ. ಮುನಿಗಳ ಮುಂದ ಸುಳ್ಳು ಹೆಂಗ ಹೇಳೂದು?

"ಅಂದು ಬಿಡ್ರಿ, ಅಕ್ಕಾರ," ಬಾಳಗೊಂಡ ಪಿಸುಗುಟ್ಟಿದ.

"ಆಹಾರ ಶುದ್ಧ ಐತ್ರಿ ಮಹಾರಾಜ," ಅಂದ್ಲು ಹೀರಾಬಾಯಿ. "ಮನ ಶುದ್ಧ ಇಲ್ರಿ."

ಮುನಿಗಳು ಊಟಾ ತಗೊಳ್ಳದಽ ಮುಂದ ನಡದ್ರು. ಅವತ್ತ ಸಂಜಿಕ ಬಾಳಗೊಂಡನೂ ತನ್ನ ತೆಗ್ಗು ಮುಚ್ಚಿದ.