ತಂತಿ ಒರೆಸುವ ಥೋರಕ್ಕ

ಬೆಳಗಾದರೆ ಥೋರಕ್ಕ ಮಾಡುವ ಮೊದಲ ಕೆಲಸ ಹಿತ್ತಲಿನ ಬಟ್ಟೆ ತಂತಿ ಒರೆಸುವುದು. ಒದ್ದೆ ಬಟ್ಟೆಯೊಂದನ್ನು ತಂತಿಗೆ ಸುತ್ತಿ, ಬಿಗಿಯಾಗಿ ಹಿಡಿದು, ಈ ಕಂಬದಿಂದ ಆ ಕಂಬದವರೆಗೆ ನಡೆಯುತ್ತಾರೆ. ಬಟ್ಟೆ ಮಗುಚಿ ಹಿಡಿದು ಮತ್ತೆ ಬಂದ ದಾರಿಯಲ್ಲೇ ವಾಪಸಾಗುತ್ತಾರೆ. ಒಣಹಾಕಲು ಬಟ್ಟೆ ಇರಲಿ ಬಿಡಲಿ, ತಂತಿ ಒರೆಸಲೇಬೇಕು. ಹಿಮ ಬಿದ್ದ ದಿನ ಗಂಡನ ಹಳೆಯ ಬೂಟು ಹಾಕಿಕೊಂಡು ಹೋಗುತ್ತಾರೆ. ಆ ಗಂಡ ಆರ್ವೆಲ್ ತೀರಿಕೊಂಡ ಮರುದಿನ ಮನೆ ತುಂಬ ನೆಂಟರಿದ್ದಾಗಲೂ ತಂತಿ ಒರೆಸಿ ಬಂದ ಮೇಲೆಯೇ ಅವರು ಪ್ರಾರ್ಥನೆಗೆ ಮೊಣಕಾಲೂರಿದ್ದು.

ಬೇಲಿಯ ಆಚೆ ಜೋಲೀನಳ ಅಡುಗೆಮನೆಯ ಕಿಟಕಿ. ಮದುವೆಯಾಗಿ ಈ ಜೂನಿಪರ್ ಬೆಂಚ್ ಊರಿಗೆ ಬಂದ ಹೊಸತರಲ್ಲೇ ಅವಳು ಗಂಡನನ್ನು ಕೇಳಿದ್ದಳು, "ಏನ್ರೀ, ಆಯಮ್ಮ ಖಾಲಿ ತಂತಿ ಒರೆಸ್ತಾರಲ್ಲ, ಯಾಕೆ?"

"ಅವರಮ್ಮನೂ ಒರೆಸ್ತಿದ್ರಂತೆ. ಆ ತಂತಿ ಮೇಲೆ ಕೂರಬೇಕು ಅಂದ್ರೆ ಹಕ್ಕಿಗಳೂ ಕಾಲು ತೊಳ್ಕೊಂಡು ಬರಬೇಕು ಅಂತ ಊರಲ್ಲಿ ಆಡ್ಕೋತಾರೆ," ಎಂದು ಅವನು ನಕ್ಕಿದ್ದ. ಜೋಲೀನಳೂ ನಕ್ಕು ಸುಮ್ಮನಾದಳು. ಮಕ್ಕಳು ಹುಟ್ಟಿ ಬೆಳೆದರೂ ಅವಳು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಊರಿನ ಹೆಚ್ಚಿನವರೆಲ್ಲ ಒಂದೇ ಚರ್ಚಿನವರು. ಆ ಸಭೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಣ್ಣ, ಅಕ್ಕ. ಹಾಗಾಗಿ ಎಪ್ಪತ್ತು ದಾಟಿದ ಥೋರಾ ಜೆಪ್ಸನ್ ಬಿಷಪ್ಪನಿಗೂ ಹಾಲಿನ ಲಾರಿಯವನಿಗೂ ಥೋರಕ್ಕನೇ. ಕುರಿ ಸಾಕುವವರ ಮಗಳು, ಕುರಿ ಸಾಕುವವನ ಹೆಂಡತಿ. ಶಾಲೆಯ ಅಡುಗೆಮನೆಯಲ್ಲಿ ಬನ್ನು ಬೇಯಿಸುತ್ತಲೇ ಊರಿನ ಎರಡು ತಲೆಮಾರನ್ನು ಬೆಳೆಸಿದವರು. ಯಾರ ಮನೆಯಲ್ಲಾದರೂ ಸಾವಾದರೆ ಶವಪೆಟ್ಟಿಗೆ ಬರುವ ಮೊದಲೇ ಥೋರಕ್ಕನ ಗಾಜಿನ ತಟ್ಟೆ ಬರುತ್ತಿತ್ತು. ಅದರಲ್ಲಿ ಚೀಸ್ ಹಾಕಿ ಬೇಯಿಸಿದ ಬಿಸಿ ಆಲೂಗೆಡ್ಡೆ, ತಳದಲ್ಲಿ ಟೇಪಿನ ಮೇಲೆ ಬರೆದ ಅವರ ಹೆಸರು. ಆ ಬೀದಿಯಲ್ಲಿ ಆ ತಟ್ಟೆ ಹೋಗದ ಮನೆಯಿರಲಿಲ್ಲ. ಥೋರಕ್ಕನ ತಂಗಿ ಗಂಟಲಿನ ಗಡ್ಡೆಯಿಂದ ಹೋದಳು, ಆರ್ವೆಲ್ ರಕ್ತದ ಕ್ಯಾನ್ಸರಿನಿಂದ ಹೋದ. ಎದುರು ಮನೆಯ ನೆಲ್ಡಾ ಕ್ಯಾನ್ಸರಿನಿಂದಲೇ ಹೋದ ಇಬ್ಬರು ಗಂಡುಮಕ್ಕಳನ್ನು ಮಣ್ಣು ಮಾಡಿ, ಈಗ ತಾನೂ ಅದೇ ಕಾಯಿಲೆ ಹಿಡಿದು ಮಲಗಿದ್ದಳು.

ಆ ವರ್ಷ ವಾಷಿಂಗ್ಟನ್ನಿನ ಸಂಸತ್ತಿಗೆ ಚುನಾವಣೆ. ಯೂಟಾದ ಆ ಭಾಗದಲ್ಲಿ ರಿಪಬ್ಲಿಕನ್ ಪಕ್ಷ ಯಾರನ್ನು ನಿಲ್ಲಿಸುತ್ತದೋ ಅವರೇ ಗೆಲ್ಲುವುದು. ನಿಜವಾದ ಪೈಪೋಟಿ ನಡೆಯುವುದು ಪಕ್ಷದ ಸಮಾವೇಶದಲ್ಲಿ, ಅಲ್ಲಿ ಮತ ಹಾಕುವವರು ಒಂದೊಂದು ಕೇರಿಯವರು ಆರಿಸಿ ಕಳಿಸಿದ ಡೆಲಿಗೇಟರು. ರೀಡ್ ಆಲ್ಫಿನ್ ಎಂಬ ಉಮೇದುವಾರನ ಪರ ಆ ಜಿಲ್ಲೆಯ ಪ್ರಚಾರವನ್ನು ಜೋಲೀನ್ ನೋಡಿಕೊಳ್ಳುತ್ತಿದ್ದಳು. ತಾನೇ ಡೆಲಿಗೇಟ್ ಆಗಬೇಕೆಂದು ಅವಳಿಗೆ ಆಸೆ. ಕೇರಿಯ ಸಭೆಗೆ ಭಾಷಣವನ್ನೂ ಬಾಯಿಪಾಠ ಮಾಡಿಕೊಂಡು ಹೋಗಿದ್ದಳು.

ಆದರೆ ಅವಳು ಏಳುವ ಮೊದಲೇ ಪಶು ಆಹಾರದ ಅಂಗಡಿಯ ವರ್ನನ್ ಎದ್ದು ನಿಂತ. "ನಾನು ಥೋರಕ್ಕನ ಹೆಸರು ಹೇಳ್ತೀನಿ. ಅವರು ಮುಂದೊಂದು ಹಿಂದೊಂದು ಮಾತಾಡಿದ್ದನ್ನ ಇಲ್ಲಿ ಯಾರಾದ್ರೂ ಕೇಳಿದ್ದೀರಾ?"

"ಅಯ್ಯೋ ವರ್ನನ್, ಬನ್ನು ತಂದಿದ್ದು ನೀವು ತಿನ್ನಲಿ ಅಂತ ಕಣೋ, ಓಟು ಹಾಕಲಿ ಅಂತಲ್ಲ!" ಎಂದರು ಥೋರಕ್ಕ. ಸಭೆ ಸೇರಿದ್ದ ಶಾಲೆಯ ಊಟದ ಕೋಣೆಯೆಲ್ಲ ನಕ್ಕಿತು. ನಗುತ್ತಲೇ ಎಲ್ಲರೂ ಕೈ ಎತ್ತಿದರು. ಜೋಲೀನಳೂ ಎತ್ತಬೇಕಾಯಿತು.

ಮರುದಿನದಿಂದ ಥೋರಕ್ಕನ ಫೋನಿಗೆ ಬಿಡುವಿಲ್ಲ. "ಆರ್ವೆಲ್ ನನ್ನ ಹಿಂದೆ ಬಿದ್ದಿದ್ದಾಗ್ಲೂ ಇಷ್ಟು ಫೋನ್ ಮಾಡಿರಲಿಲ್ಲ ಕಣೆ," ಎಂದು ಬೇಲಿಯ ಮೇಲಿಂದ ಹೇಳುತ್ತಿದ್ದರು. ಮೂವರು ಉಮೇದುವಾರರು ಕಳಿಸಿದ ಕಾಗದಗಳನ್ನು ಧರ್ಮಗ್ರಂಥದ ಪಕ್ಕದಲ್ಲೇ ಇಟ್ಟುಕೊಂಡು, ಭೂತಗನ್ನಡಿ ಹಿಡಿದು ಓದಿದರು. ಅನುಮಾನ ಬಂದ ಕಡೆ ಜೋಲೀನಳನ್ನು ಕರೆದು ಕೇಳಿದರು.

ಆಲ್ಫಿನ್‌ನ ನಿಲುವುಗಳು ಜೋಲೀನಳಿಗೆ ಬಾಯಿಗೇ ಬರುತ್ತಿದ್ದವು. ನಮ್ಮ ಗುಡ್ಡ, ಹುಲ್ಲುಗಾವಲುಗಳ ವಿಷಯ ನಾವೇ ತೀರ್ಮಾನಿಸಬೇಕು, ದೂರದ ಅಧಿಕಾರಿಗಳಲ್ಲ. ಹುಟ್ಟಲಿರುವ ಕೂಸಿಗೂ ಬದುಕುವ ಹಕ್ಕಿದೆ. ಮಕ್ಕಳಿಗೆ ಏನು ಕಲಿಸಬೇಕೆಂಬುದು ತಂದೆತಾಯಿಗೆ ಬಿಟ್ಟದ್ದು. ಮನೆಯ ಬಂದೂಕು ಮನೆಯಲ್ಲೇ ಇರಲಿ. ಎಲ್ಲಕ್ಕಿಂತ ದೊಡ್ಡದು, ಸರ್ಕಾರ ಹೊಸ ಖರ್ಚು ಒಂದನ್ನೂ ಮೈಮೇಲೆ ಹಾಕಿಕೊಳ್ಳಬಾರದು. ಅದಕ್ಕೆ ಅವನು ಎಲ್ಲರೆದುರು ಪ್ರತಿಜ್ಞೆ ಬರೆದು ಸಹಿ ಹಾಕಿದ್ದ. ಅವನ ಪ್ರಚಾರ ಫಲಕಗಳ ಮೇಲೆಲ್ಲ ಒಂದೇ ಮಾತು: 'ಅವರವರ ಹೊಣೆ ಅವರವರಿಗೆ.'

"ಎಲ್ಲ ಸರಿ ಇದೆ," ಎಂದರು ಥೋರಕ್ಕ. "ಒಂದು ಮಾತ್ರ ಕೇಳಬೇಕು. ಹುಡುಗನ್ನ ಕರ್ಕೊಂಡು ಬಾ."

ಹುಡುಗನೆಂದರೆ ಐವತ್ತರ ಹತ್ತಿರದ ವಕೀಲ. ಪಕ್ಕದ ಕಣಿವೆಯಲ್ಲಿ ದನ ಕಟ್ಟಿ, ಹಾಲು ಕರೆದು ಬೆಳೆದವನು. ಅವನು ಬಂದಾಗ ಥೋರಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಆಲ್ಫಿನ್ ಕೋಟು ಕಳಚಿ ಬೇಲಿಯ ಮೇಲಿಟ್ಟು ಕ್ಲಿಪ್ಪಿನ ಡಬ್ಬಿ ಹಿಡಿದುಕೊಂಡ. ಜೋಲೀನಳಿಗೆ ಸಮಾಧಾನವಾಯಿತು. ಈ ಮತ ನಮ್ಮದೇ ಎಂದುಕೊಂಡಳು.

"ನೋಡಪ್ಪ ರೀಡ್, ಆ ದಿಣ್ಣೆ ಇದೆಯಲ್ಲ," ಥೋರಕ್ಕ ಹಾಸಿಗೆ ಬಟ್ಟೆಯ ತುದಿ ಕೊಡವುತ್ತ ಪಶ್ಚಿಮಕ್ಕೆ ತೋರಿಸಿದರು. "ಅದರಾಚೆ ಬೇರೆ ಜಿಲ್ಲೆ. ಅಣುಬಾಂಬಿನ ಧೂಳಿಂದ ಕಾಯಿಲೆ ಬಿದ್ದವರಿಗೆ ಪರಿಹಾರ ಕೊಡೋ ಕಾನೂನಲ್ಲಿ ಆ ಜಿಲ್ಲೆ ಹೆಸರಿದೆ. ನಮ್ಮದಿಲ್ಲ. ಗೆರೆ ಆ ದಿಣ್ಣೆ ಮೇಲೆ ಹೋಗುತ್ತೆ."

"ಗೊತ್ತಕ್ಕ."

"ನಾನು ಚಿಕ್ಕೋಳಿದ್ದಾಗ, ಪಕ್ಕದ ರಾಜ್ಯದ ಮರಳುಗಾಡಲ್ಲಿ ಸರ್ಕಾರ ಬಾಂಬು ಸಿಡಿಸಿ ನೋಡ್ತಿತ್ತಲ್ಲ, ಆಗ ನಮ್ಮಪ್ಪ ಕತ್ತಲಲ್ಲೇ ನಮ್ಮನ್ನೆಲ್ಲ ಎಬ್ಬಿಸೋರು. ಕಂಬಳಿ ಹೊದ್ಕೊಂಡು ಇದೇ ಹಿತ್ತಲಲ್ಲಿ ಸಾಲಾಗಿ ನಿಲ್ತಿದ್ವಿ. ಆಕಾಶ ಬೆಳ್ಳಗಾಗೋದು. ನಾವು ಚಪ್ಪಾಳೆ ತಟ್ತಿದ್ವಿ ಕಣಪ್ಪ. ನಮ್ಮ ದೇಶ ಎಷ್ಟು ಗಟ್ಟಿ ಅಂತ ಅಪ್ಪನ ಕಣ್ಣಲ್ಲಿ ನೀರು ಬರೋದು. ಒಂದೊಂದ್ಸಲ ಆಮೇಲೆ ಸಣ್ಣ ಬೂದಿ ಬೀಳೋದು. ತಂತಿ ಮೇಲೆ, ಒಗೆದ ಬಟ್ಟೆ ಮೇಲೆ, ಸೊಪ್ಪಿನ ಮೇಲೆ. ಏನೂ ಆಗಲ್ಲ ಅಂತ ರೇಡಿಯೋದಲ್ಲಿ ಹೇಳಿದ್ರು. ಅಮ್ಮನಿಗೆ ಮಾತ್ರ ಬಟ್ಟೆ ಕೊಳೆಯಾಗುತ್ತಲ್ಲ ಅಂತ ಸಿಟ್ಟು. ದಿನಾ ಎದ್ದು ತಂತಿ ಒರೆಸೋಳು. ಮಕ್ಕಳನ್ನ ಅವಳು ಕಾಪಾಡಿದ್ದು ಅಷ್ಟೇ. ಅಷ್ಟೇ ಅವಳಿಗೆ ಗೊತ್ತಿದ್ದದ್ದು."

ಬೇಲಿಯ ಬಳಿ ನಿಂತಿದ್ದ ಜೋಲೀನಳಿಗೆ ತನ್ನ ಕಿಟಕಿ ನೆನಪಾಯಿತು. ಅಷ್ಟು ವರ್ಷ ದಿನವೂ ಕಂಡದ್ದು, ಕಂಡು ನಕ್ಕದ್ದು.

"ಅವರವರ ಹೊಣೆ ಅವರವರಿಗೆ ಅಂತ ಬರೆಸಿದ್ದೀಯ. ನನಗೂ ಅದು ಒಪ್ಪಿಗೆ," ಎಂದರು ಥೋರಕ್ಕ. "ನನ್ನ ಮಗ ಪಕ್ಕದ ಮನೆ ಕಿಟಕಿ ಒಡೆದ್ರೆ ಗಾಜು ನಾವೇ ಹಾಕಿಸಿಕೊಡ್ತಿದ್ವಿ. ಸರ್ಕಾರಕ್ಕೆ ಆ ಮಾತು ಬೇಡ್ವಾ? ನೆಲ್ಡಾ ಕಣ್ಣು ಮುಚ್ಚೋದ್ರೊಳಗೆ ಆ ಗೆರೆ ಈಚೆ ಬರಬೇಕು. ನೀನು ಗೆದ್ರೆ ಅದಕ್ಕೆ ಕೈ ಎತ್ತುತ್ತೀಯಾ?"

ಹೌದು ಎಂದುಬಿಡಪ್ಪ ಎಂದು ಜೋಲೀನ್ ಮನಸ್ಸಿನಲ್ಲೇ ಬೇಡಿಕೊಂಡಳು.

ಆಲ್ಫಿನ್ ಕ್ಲಿಪ್ಪೊಂದನ್ನು ಎತ್ತಿ ಕೊಡುತ್ತ ಹೇಳಿದ, "ಅಕ್ಕ, ಹೊಸ ಖರ್ಚು ಬೇಡ ಅಂತ ಸಹಿ ಹಾಕಿದ್ದೀನಿ. ನಿಮ್ಮ ಓಟಿಗೋಸ್ಕರ ಇಲ್ಲಿ ಹೂಂ ಅಂದು ಅಲ್ಲಿ ಊಹೂಂ ಅನ್ನೋದು ನನ್ನ ಕೈಲಾಗಲ್ಲ. ಯೋಚನೆ ಮಾಡೋಕೆ ಬಿಡಿ."

"ಅಷ್ಟು ಹೇಳಿದ್ಯಲ್ಲ, ಸಾಕು. ಹಿಂದೆ ಬಂದಿದ್ದ ಇಬ್ಬರೂ ನಾನು ಕೇಳಿ ಮುಗಿಸೋದ್ರೊಳಗೆ ಹೂಂ ಅಂದುಬಿಟ್ರು," ಎಂದು ಥೋರಕ್ಕ ಅವನ ಕೈಯಿಂದ ಡಬ್ಬಿ ತೆಗೆದುಕೊಂಡರು. ಒಳಗೆ ಕರೆದು ಬನ್ನಿಗೆ ರಾಸ್ಬೆರಿ ಜಾಮು ಹಚ್ಚಿ ಕೊಟ್ಟರು.

ಅವನು ಹೋದ ಮೇಲೆ ಜೋಲೀನ್ ತಡೆಯಲಾರದೆ ಕೇಳಿದಳು, "ಇಷ್ಟೆಲ್ಲ ಆದ್ರೂ ಹಬ್ಬ ಬಂದ್ರೆ ಮೊದಲು ಬಾವುಟ ಕಟ್ಟೋರು ನೀವೇ. ದೇಶದ ಮೇಲೆ ಸಿಟ್ಟೇ ಇಲ್ವಾ ನಿಮಗೆ?"

"ಇತ್ತು ಕಣೆ. ಆರ್ವೆಲ್ ಹೋದ ವರ್ಷ ತುಂಬಾ ಇತ್ತು. ಸಿಟ್ಟಿಟ್ಕೊಂಡು ಮೊಣಕಾಲೂರಿದ್ರೆ ಪ್ರಾರ್ಥನೆ ಬಾಯಿಗೇ ಬರ್ತಿರಲಿಲ್ಲ. ಅದಕ್ಕೆ ಆ ಬಾಂಬು ಮಾಡಿದವರ ಹೆಸರಲ್ಲೂ ಬೇಡ್ಕೊಳ್ಳೋಕೆ ಶುರು ಮಾಡಿದೆ. ಪಾಪ, ಅವರಿಗೂ ಮಕ್ಕಳಿರ್ತಾರಲ್ಲ."

ಇದನ್ನು ಹೇಳುವಾಗ ಅವರು ತಟ್ಟೆ ತೊಳೆಯುತ್ತಿದ್ದರು. ಜೋಲೀನ್ ಚಿಕ್ಕಂದಿನಿಂದ ಚರ್ಚಿನಲ್ಲಿ ಕ್ಷಮೆಯ ಬಗ್ಗೆ ಎಷ್ಟೋ ಉಪದೇಶ ಕೇಳಿದ್ದಳು. ಆದರೆ ಕ್ಷಮೆಗೆ ಕೈಕಾಲು ಇರುತ್ತವೆ, ಅದು ಸೋಪಿನ ನೊರೆಯಲ್ಲಿ ಕೈ ಅದ್ದಿ ನಿಂತಿರುತ್ತದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಒರೆಸುವ ಬಟ್ಟೆ ಎತ್ತಿಕೊಂಡು ಪಕ್ಕದಲ್ಲಿ ನಿಂತಳು.

ಏಪ್ರಿಲ್‌ನಲ್ಲಿ ಸಮಾವೇಶ. ಜೋಲೀನಳೇ ಕಾರಿನಲ್ಲಿ ಕರೆದುಕೊಂಡು ಹೋದಳು. ಬೆಳಿಗ್ಗೆ ಬೇಗ ಹೊರಡಬೇಕಿದ್ದರೂ ತಂತಿ ಒರೆಸುವವರೆಗೆ ಕಾಯಬೇಕಾಯಿತು. ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಣ ಡೆಲಿಗೇಟರಿಂದ ಕಿಕ್ಕಿರಿದಿತ್ತು. ಆಲ್ಫಿನ್ ಭೂಮಿಯ ಬಗ್ಗೆ, ಶಾಲೆಗಳ ಬಗ್ಗೆ, ಖರ್ಚಿನ ಬಗ್ಗೆ ಮಾತಾಡಿದ. ಒಂದೊಂದು ಮಾತಿಗೂ ಜನ ಎದ್ದೆದ್ದು ಚಪ್ಪಾಳೆ ತಟ್ಟಿದರು. ಗಾಳಿ ತಮ್ಮ ಕಡೆಗಿದೆ ಎಂದು ಜೋಲೀನ್ ಥೋರಕ್ಕನ ಕೈ ಅದುಮಿದಳು.

ಆಗ ಅವನು ಕಾಗದವನ್ನು ಮಡಚಿ ಜೇಬಿಗಿಟ್ಟ.

"ಇನ್ನೊಂದು ಮಾತಿದೆ," ಎಂದ. "ಹೊಣೆ ಅನ್ನೋದು ಜನಕ್ಕೊಂದು, ಸರ್ಕಾರಕ್ಕೊಂದು ಅಲ್ಲ. ಈ ದೇಶ ತನ್ನದೇ ಮಕ್ಕಳ ಮೇಲೆ ಬೂದಿ ಸುರಿದು, ಏನೂ ಆಗಲ್ಲ ಅಂತು. ಅದನ್ನ ಸರಿ ಮಾಡೋ ಕಾನೂನು ಒಂದು ದಿಣ್ಣೆಗೆ ಬಂದು ನಿಂತಿದೆ. ನಾನು ಗೆದ್ರೆ ಆ ಗೆರೆ ಅಳಿಸೋಕೆ ಕೈ ಎತ್ತುತ್ತೀನಿ."

ಸಭೆ ತಣ್ಣಗಾಯಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಸಹಿ ಹಾಕಿದ್ದು ಏನಾಯ್ತಪ್ಪಾ? ಆಗಲೇ ಅಳಿಸಿಹೋಯ್ತಾ?"

"ಹೊಸ ಖರ್ಚು ಬೇಡ ಅಂತ ಸಹಿ ಹಾಕಿದ್ದೀನಿ, ಈಗಲೂ ಬೇಡ," ಎಂದ ಆಲ್ಫಿನ್. "ಇದು ಹೊಸದಲ್ಲ, ಹಳೇ ಸಾಲ. ನನಗಿಂತ ವಯಸ್ಸಲ್ಲಿ ದೊಡ್ಡದು."

ನಕ್ಕವರು ಕೆಲವರು. ಚಪ್ಪಾಳೆ ತಟ್ಟಿದವರು ಅಲ್ಲೊಬ್ಬರು ಇಲ್ಲೊಬ್ಬರು. ಉಳಿದವರು ಕೈ ಕಟ್ಟಿ ಕೂತರು. ಅವನಿಗೂ ಇದು ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದ ಎಂಬುದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಥೋರಕ್ಕ ಕಣ್ಣು ಮುಚ್ಚಿಕೊಂಡಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಎರಡನೇ ಸುತ್ತಿನ ಮತದಾನದಲ್ಲಿ ಆಲ್ಫಿನ್ ಹೊರಗೆ ಬಿದ್ದ.

ವಾಪಸು ಬರುವಾಗ ಜೋಲೀನ್ ಅತ್ತಳು. "ಆ ನಾಲ್ಕು ಮಾತು ಆಡದಿದ್ರೆ ಗೆದ್ದೇ ಬಿಡ್ತಿದ್ರು ಅಕ್ಕ."

"ಗೆಲ್ತಿದ್ದ," ಎಂದರು ಥೋರಕ್ಕ. "ಆದರೆ ನನ್ನ ಓಟು ಸಿಕ್ತಿರಲಿಲ್ಲ." ಸ್ವಲ್ಪ ದೂರ ಹೋದ ಮೇಲೆ, "ನಿಧಾನ ಓಡಿಸು, ಕಣ್ಣು ಒರೆಸ್ಕೋ. ನೆಲ್ಡಾಗೆ ಏನು ಹೇಳಬೇಕು ಅಂತ ನಾನು ಯೋಚನೆ ಮಾಡ್ತಿದ್ದೀನಿ," ಎಂದರು.

ಫಲಕಗಳನ್ನು ಕಿತ್ತು ಲಾರಿಗೆ ತುಂಬಲು ಆಲ್ಫಿನ್ ತಾನೇ ಜೂನಿಪರ್ ಬೆಂಚಿಗೆ ಬಂದ. ಸೋತ ಉಮೇದುವಾರನಿಗೆ ಆ ಕೆಲಸ ಮಾಡಿಕೊಡುವವರು ಯಾರೂ ಉಳಿದಿರುವುದಿಲ್ಲ. ಜೋಲೀನ್ ಜೊತೆಗಿದ್ದಳು. ಕೊನೆಯ ಫಲಕ ಥೋರಕ್ಕನ ಅಂಗಳದಲ್ಲಿತ್ತು. ಅದನ್ನು ಕಿತ್ತವನು ಹಿತ್ತಲಿಗೆ ನಡೆದ. ಥೋರಕ್ಕ ತಂತಿಯ ಆ ತುದಿಯಲ್ಲಿದ್ದರು, ಕೈಯಲ್ಲಿ ಒದ್ದೆ ಬಟ್ಟೆ.

"ಅಕ್ಕ, ನಾನೀಗ ಉಮೇದುವಾರ ಅಲ್ಲ, ಬರೀ ವಕೀಲ. ಹಾಗಾಗಿ ಇದನ್ನ ಕೇಳಬಹುದು," ಎಂದ. "ನಿಮ್ಮ ಯಜಮಾನರು ಕುರಿ ಮರಿ ಹಾಕೋ ಕಾಲದಲ್ಲಿ ದಿಣ್ಣೆಯಾಚೆ ಬೀಡು ಬಿಡ್ತಿದ್ರಂತೆ. ಜೋಲೀನ್ ಹೇಳಿದ್ರು. ಎಷ್ಟೋ ವರ್ಷ, ತಿಂಗಳುಗಟ್ಟಲೆ. ಅದು ಆ ಜಿಲ್ಲೆಯ ನೆಲ. ಕಾನೂನಿಗೆ ಅಷ್ಟು ಸಾಕು. ಸುಳ್ಳು ಒಂದಕ್ಷರ ಇಲ್ಲ. ಪರಿಹಾರದ ಅರ್ಜಿ ನಾನೇ ಬರೀತೀನಿ, ಫೀಸು ಬೇಡ. ನೀವು ಸಹಿ ಹಾಕಿದ್ರೆ ಸಾಕು, ಬರುತ್ತೆ."

ಜೋಲೀನಳ ಎದೆ ಹಗುರಾಯಿತು. ಇದಾದರೂ ಆಗಲಿ ದೇವರೇ ಎಂದುಕೊಂಡಳು.

ಥೋರಕ್ಕ ಬಟ್ಟೆಯನ್ನು ತಂತಿಯ ಮೇಲೆಯೇ ಬಿಟ್ಟು ಹತ್ತಿರ ಬಂದು ಅವನ ಕೆನ್ನೆ ಮುಟ್ಟಿದರು, ಒದ್ದೆ ಕೈಯಲ್ಲೇ.

"ನಿನ್ನನ್ನ ಹೆತ್ತೋಳು ಪುಣ್ಯವಂತೆ ಕಣಪ್ಪ. ಆದ್ರೆ ಇದು ಬೇಡ."

"ಯಾಕಕ್ಕ? ನಿಮ್ಮ ಹಕ್ಕೇ ಇದು."

"ನೆಲ್ಡಾ ಗಂಡ ಕುರಿ ಸಾಕಲಿಲ್ಲ, ಗಿರಣಿಯಲ್ಲಿದ್ದ. ದಿಣ್ಣೆ ದಾಟಲೇ ಇಲ್ಲ. ಅವಳಿಗೆ ಬರಲ್ಲ. ಆ ಕೊನೇ ಮನೆಯವರಿಗೂ ಬರಲ್ಲ. ಈ ಬೀದಿಯಲ್ಲಿ ನನ್ನೊಬ್ಬಳ ಮನೆಗೆ ಬರುತ್ತೆ. ಆಮೇಲೆ ಆ ಆಲೂಗೆಡ್ಡೆ ತಟ್ಟೆ ಹಿಡ್ಕೊಂಡು ನಾನು ಯಾರ ಬಾಗಿಲಿಗೆ ಹೋಗಲಿ? ಬೂದಿ ಬಿದ್ದಾಗ ಎಲ್ಲರ ತಂತಿ ಮೇಲೂ ಬಿತ್ತು. ಇದೂ ಹಾಗೇ ಬರಲಿ."

"ಬರದೇ ಇದ್ರೆ?"

"ನೀನು ಮುಂದಿನ ಸಲ ನಿಲ್ತೀಯಲ್ಲ," ಎಂದರು ಥೋರಕ್ಕ. "ಆ ಫಲಕ ಒಡೆದುಹಾಕಬೇಡ, ಲಾಯದಲ್ಲಿಡು. ಅರ್ಜಿ ಮಾತ್ರ ಬೇಡಪ್ಪ." ಹಾಗೆಂದು ತಿರುಗಿ ಹೋಗಿ, ತಂತಿಗೆ ಸುತ್ತಿದ್ದ ಬಟ್ಟೆಯನ್ನು ಮಗುಚಿ ಹಿಡಿದು, ಈ ಕಂಬದ ಕಡೆಗೆ ನಡೆಯತೊಡಗಿದರು.